ಫಕೀರಮ್ಮ ಬೇಡವೆಂದ ಅಣಬೆ

ತಾವರಗೇರಾದ ಸಂತೆಗೆ ನಡೆದೇ ಹೋಗಿ ಬರುವಷ್ಟು ಹತ್ತಿರದ ಹಳ್ಳಿಯೊಂದು ಫಕೀರಮ್ಮನ ತವರು. ಕೆಂಪು ಮಸಾರಿ ನೆಲ, ಮಣ್ಣಿಗಿಂತ ಕಲ್ಲೇ ಹೆಚ್ಚು. ಸಜ್ಜೆ, ಹುರುಳಿ, ಒಂದಿಷ್ಟು ತೊಗರಿ ಬಿಟ್ಟರೆ ಆ ನೆಲ ಬೇರೇನನ್ನೂ ಮನಸ್ಸಿಟ್ಟು ಬೆಳೆಯುತ್ತಿರಲಿಲ್ಲ. ಆದರೆ ಹೊಲದ ಬದುಗಳಲ್ಲಿ ಆಳೆತ್ತರದ ಹುತ್ತಗಳಿದ್ದವು. ಮುಂಗಾರಿನ ಆರಂಭದ ಮಿರಗದ ಮಳೆ ಗುಡುಗಿ ಸುರಿದು, ಮರುದಿನ ಮೋಡ ಮುಸುಕಿದ ಬೆಳಗಾಯಿತೆಂದರೆ ಫಕೀರಮ್ಮನ ತಾಯಿ ಕರಿಯವ್ವ ಒಲೆಯ ಮುಂದಿನ ಕೆಲಸ ಬಿಟ್ಟು, ಒಂದು ಬುಟ್ಟಿ, ಒಂದು ಮೊನೆ ಮಾಡಿದ ಜಾಲಿ ಕೋಲು ಹಿಡಿದು ಹೊರಡುವಳು. ಹಿಂದೆ ಮಗಳು.

ಕರಿಯವ್ವ ಹುತ್ತಕ್ಕೆ ಮೊದಲು ಕೈಮುಗಿಯುತ್ತಿದ್ದಳು. ಆಮೇಲೆ ಅದರ ಬುಡದ ಸುತ್ತ ಎದ್ದು ನಿಂತ ಬಿಳಿ ಅಣಬೆಗಳ ಮುಂದೆ ಕುಕ್ಕರಗಾಲಲ್ಲಿ ಕೂತು, ಕೋಲಿನಿಂದ ಮಣ್ಣು ಬಿಡಿಸುವಳು. ಕೈ ಹಾಕಿ ಜಗ್ಗಲು ಮಗಳಿಗೆ ಬಿಡುತ್ತಿರಲಿಲ್ಲ.

"ಜಗ್ಗಬ್ಯಾಡ, ಮುರೀತೈತಿ. ಬುಡ ಕೆದರು. ಬಾಲ ಕಾಣಾತನ ಕೆದರು."

ನಿಜಕ್ಕೂ ಆ ಅಣಬೆಗೆ ಬಾಲವಿತ್ತು. ಕಾಂಡ ಮಣ್ಣೊಳಗೆ ಇಳಿಯುತ್ತ ತೆಳ್ಳಗಾಗಿ, ಇಲಿಯ ಬಾಲದ ಹಾಗೆ ಗೆದ್ದಲಿನ ಗೂಡಿನತ್ತ ಹೋಗುತ್ತಿತ್ತು. ಮೇಲಿನ ಕೊಡೆಯ ನಡುವೆ ಬುಗುರಿಯ ಮೊಳೆಯಂಥ ಗಟ್ಟಿ ಮೊನೆ. ಮನೆಗೆ ತಂದು ಮಣ್ಣು ತೊಳೆದು, ಉಳ್ಳಾಗಡ್ಡಿ, ಖಾರ, ಶೇಂಗಾ ಪುಡಿ ಹಾಕಿ ಕರಿಯವ್ವ ಮಾಡುತ್ತಿದ್ದ ಪಲ್ಯಕ್ಕೆ, ಬಿಸಿ ಸಜ್ಜಿ ರೊಟ್ಟಿಗೆ, ಊರಲ್ಲಿ ಯಾರ ಮನೆಯ ಹಬ್ಬದೂಟವೂ ಸಮನಲ್ಲ ಎಂದೇ ಫಕೀರಮ್ಮ ಬೆಳೆದಳು.

ಮದುವೆಯಾಗಿ ಬಂದದ್ದು ಗಂಗಾವತಿಯಾಚೆಯ ಒಂದು ಕ್ಯಾಂಪಿಗೆ, ಕಾಲುವೆಯ ನೀರು ಬಂದ ಮೇಲೆ ಆಂಧ್ರದ ರೈತರು ಬಂದು ನೆಲೆಸಿದ ಊರಿಗೆ. ಗಂಡ ದ್ಯಾವಪ್ಪ ಅಲ್ಲಿ ನೀರುಗಂಟಿ. ಉಪಕಾಲುವೆಯ ತೂಬು ತೆಗೆದು ಮುಚ್ಚಿ, ಗದ್ದೆಯಿಂದ ಗದ್ದೆಗೆ ನೀರು ತಿರುಗಿಸುವ ಕೆಲಸ. ಕಣ್ಣು ಹಾಯುವವರೆಗೂ ಭತ್ತ. ಕೆಸರಿನಲ್ಲಿ ಕಾಲಿಟ್ಟು ನಿಲ್ಲುವುದೇ ಫಕೀರಮ್ಮನಿಗೆ ಗೊತ್ತಿರಲಿಲ್ಲ. ಪಕ್ಕದ ಮನೆಯ ಗೌಸಬೀ, ಅವಳಿಗಿಂತ ಹತ್ತಾರು ವರ್ಷ ದೊಡ್ಡವಳು, ಗಂಡನನ್ನು ಕಳೆದುಕೊಂಡವಳು, ಅವಳನ್ನು ತನ್ನ ಸಾಲಿನಲ್ಲೇ ನಿಲ್ಲಿಸಿಕೊಂಡು ನಾಟಿ ಕಲಿಸಿದಳು. ಸಸಿಯನ್ನು ಎಷ್ಟು ಆಳಕ್ಕೆ ಊರಬೇಕು, ಸೊಂಟ ಹಿಡಿದಾಗ ಹೇಗೆ ನಿಲ್ಲಬೇಕು, ಮೇಸ್ತ್ರಿ ಗದರಿದಾಗ ಯಾವ ಕಿವಿಯಿಂದ ಬಿಡಬೇಕು, ಎಲ್ಲ ಗೌಸಬೀಯೇ ಹೇಳಿಕೊಟ್ಟಿದ್ದು. ಹಬ್ಬಕ್ಕೆ ಈ ಮನೆಯ ಹೋಳಿಗೆ ಆ ಮನೆಗೆ, ಆ ಮನೆಯ ಸುರಕುಂಬಾ ಈ ಮನೆಗೆ.

ಆ ಸೀಮೆಯಲ್ಲಿ ಎಲ್ಲ ಇತ್ತು, ಹುತ್ತ ಮಾತ್ರ ಇರಲಿಲ್ಲ. ನೆಲವೆಲ್ಲ ನೀರು ಕುಡಿದು ಸಪಾಟಾಗಿತ್ತು. ಮಳೆ ಗುಡುಗಿದಾಗಲೆಲ್ಲ ಫಕೀರಮ್ಮನಿಗೆ ಬಾಯಲ್ಲಿ ನೀರೂರುತ್ತಿತ್ತು, ಮನಸ್ಸು ತಾವರಗೇರಾದ ಬದುಗಳ ಮೇಲೆ ಓಡಾಡಿ ಬರುತ್ತಿತ್ತು.

ಮಗಳು ಸುಕನ್ಯಾ ಅಂಗನವಾಡಿಗೆ ಹೋಗುವ ಹೊತ್ತಿಗೆ, ಒಂದು ಮಳೆಗಾಲದ ಬೆಳಗ್ಗೆ ಕಾಲುವೆಯ ದಂಡೆಯ ಹುಲ್ಲಿನಲ್ಲಿ ಫಕೀರಮ್ಮ ಅವನ್ನು ಕಂಡಳು. ಬಿಳಿ ಅಣಬೆಗಳು. ಕೆಲವು ಆಗಷ್ಟೇ ಅರಳಿ ಅಂಗೈಯಗಲವಾದವು, ಕೆಲವು ಇನ್ನೂ ಅರಳದ ಮೊಗ್ಗು. ಎಷ್ಟೋ ಕಾಲದ ಮೇಲೆ ತವರಿನವರು ಎದುರಾದ ಹಾಗಾಯಿತು. ಸೆರಗು ತುಂಬ ಕಿತ್ತುಕೊಂಡು ಮನೆಗೆ ಬಂದಳು. ಹುಲ್ಲಿನಲ್ಲಿ ಬುಡ ಕೆದರುವ ಪ್ರಮೇಯವೇ ಬರಲಿಲ್ಲ. ಹಿಡಿದರೆ ಸಾಕು, ಸುಲಭವಾಗಿ ಕೈಗೆ ಬಂದವು.

ಗೌಸಬೀ ಅಂಗಳದಲ್ಲಿ ನಿಂತು ನೋಡಿದಳು. "ಏನವ್ವಾ ಇದು, ನಾಯಿಕೊಡಿ ಯಾಕ ಕಿತ್ತೀ?"

"ನಾಯಿಕೊಡಿ ಅಲ್ಲಕ್ಕಾ, ಅಣಬಿ. ನಮ್ಮೂರಾಗ ಇದಕ್ಕ ಜೀವಾ ಬಿಡ್ತಾರ."

"ನಮ್ಮ ಮಂದಿ ಮುಟ್ಟಂಗಿಲ್ಲವಾ ಇದನ್ನ. ನನಗ್ಯಾಕೋ ಹೆದರಿಕಿ."

ಫಕೀರಮ್ಮ ನಕ್ಕಳು. ಒಂದನ್ನು ತಿರುವಿ ತೋರಿಸಿದಳು. "ಇಲ್ನೋಡು, ಇರುವಿ ತಿಂದಾವು. ಇರುವಿಗೆ ತಟ್ಟದ ವಿಷ ನಮಗೇನ ತಟ್ಟತೈತಿ? ಮತ್ತ ಬೆಳ್ಳುಳ್ಳಿ ಹಾಕಿ ಕುದಸ್ತೀನಿ. ವಿಷ ಇದ್ರ ಬೆಳ್ಳುಳ್ಳಿ ಕರ್ರಗಾಗತೈತಿ. ನಮ್ಮ ಸಣ್ಣವ್ವ ಹೇಳತಿದ್ಲು."

ಗೌಸಬೀಯ ಎದುರಿಗೇ ಕುದಿಸಿದಳು. ಬೆಳ್ಳುಳ್ಳಿ ಬೆಳ್ಳಗೇ ಉಳಿಯಿತು. ಪಲ್ಯ ಮಾಡಿ, ಒಂದು ಬಟ್ಟಲು ಗೌಸಬೀಯ ಮನೆಗೆ ಒಯ್ದು ಕೊಟ್ಟಳು. ಮಧ್ಯಾಹ್ನ ದ್ಯಾವಪ್ಪ ಬಂದು ಉಂಡ. ಫಕೀರಮ್ಮ ಉಂಡಳು. ಸುಕನ್ಯಾ ಖಾರವೆಂದು ಎರಡೇ ತುತ್ತು ತಿಂದು ಮೊಸರನ್ನಕ್ಕೆ ಹಟ ಹಿಡಿದಳು.

ಹೊತ್ತು ಇಳಿಯುವ ಮೊದಲೇ ದ್ಯಾವಪ್ಪನಿಗೆ ಹೊಟ್ಟೆ ಹಿಂಡತೊಡಗಿತು. ಅವನನ್ನು ಹಿಡಿದುಕೊಳ್ಳಲು ಎದ್ದ ಫಕೀರಮ್ಮ ತಾನೇ ಗೋಡೆ ಹಿಡಿದು ವಾಂತಿ ಮಾಡಿಕೊಂಡಳು. ಮಗು ಅಳುತ್ತ ಹೊಟ್ಟೆ ಮುಟ್ಟಿ ತೋರಿಸಿತು. ಆಗ ಅವಳಿಗೆ ಆಚೆಮನೆಯ ನೆನಪಾಯಿತು. ತೆವಳಿಕೊಂಡಂತೆ ಹೋಗಿ ನೋಡಿದರೆ ಗೌಸಬೀ ಬಚ್ಚಲ ಕಲ್ಲಿನ ಮೇಲೆ ಒರಗಿದ್ದಳು, ಮಾತು ಹೊರಡುತ್ತಿರಲಿಲ್ಲ.

ರೈಸ್‌ಮಿಲ್ಲಿನ ಟೆಂಪೋ ಒಂದು ಸಿಕ್ಕಿತು. ನಾಲ್ವರನ್ನೂ ಮಲಗಿಸಿಕೊಂಡು ಗಂಗಾವತಿಯ ಆಸ್ಪತ್ರೆಗೆ ಒಯ್ದರು. ಡ್ಯೂಟಿಯಲ್ಲಿದ್ದ ವೈದ್ಯೆ ಸಲೈನ್ ಹಚ್ಚಿಸಿ, ಮೊದಲು ಕೇಳಿದ ಮಾತು, "ತಿಂದ ಅಣಬಿ ಹಸೀದು ಒಂದಾದ್ರೂ ಉಳದೈತೇನು? ತಂದೀರೇನು?"

ಯಾರೂ ತಂದಿರಲಿಲ್ಲ. ಉಳಿದೂ ಇರಲಿಲ್ಲ.

"ಬೆಳ್ಳುಳ್ಳಿ ಹಾಕಿದ್ದೆ ಡಾಕ್ಟರ್ ಬಾಯಾರ," ಎಂದಳು ಫಕೀರಮ್ಮ. "ಬೆಳ್ಳಗೇ ಇತ್ತರಿ. ಆಣಿ ಮಾಡ್ತೀನಿ, ಬೆಳ್ಳಗೇ ಇತ್ತು."

"ಬೆಳ್ಳುಳ್ಳಿಗೇನು ಗೊತ್ತವ್ವಾ," ಎಂದರು ವೈದ್ಯೆ. ಬೈಯುವ ದನಿಯಿರಲಿಲ್ಲ. "ವಿಷ ಇದ್ರೂ ಅದು ಬೆಳ್ಳಗೇ ಇರತೈತಿ. ಇರುವಿ, ಬಸವನಹುಳ ವಿಷದ ಅಣಬೀನೂ ತಿಂತಾವು, ಅವಕ್ಕೇನೂ ಆಗಂಗಿಲ್ಲ. ನೀವು ತಿಂದ ತಾಸೆರಡು ತಾಸಿನಾಗ ವಾಂತಿ ಮಾಡೀರಿ. ಇಂಥಾವು ಸಾಮಾನ್ಯ ಹೊಟ್ಟಿ ಕೆಡಿಸಿ ಬಿಡ್ತಾವು. ಕೆಲವು ಇರ್ತಾವು, ಅರ್ಧ ದಿನ ಗಪ್ಪನ ಕುಂತು ಆಮ್ಯಾಲ ಲಿವರ್ ಸುಡ್ತಾವು. ನಿಮ್ಮ ಸೆರಗಿನಾಗ ಎರಡೂ ಕೂಡಿದ್ವೋ ಏನೋ, ಯಾರಿಗೆ ಗೊತ್ತು? ಅದಕ್ಕ ಆರಾಮ ಅನಿಸಿದ್ರೂ ಮನಿಗೆ ಕಳಸಂಗಿಲ್ಲ."

ದ್ಯಾವಪ್ಪ, ಮಗು ಬೇಗ ಚೇತರಿಸಿಕೊಂಡರು. ಗೌಸಬೀಯ ಮೈಯಲ್ಲಿ ನೀರೇ ಉಳಿದಿರಲಿಲ್ಲ. ಅವಳು ಕಣ್ಣು ಬಿಟ್ಟು ನೆಟ್ಟಗೆ ಮಾತಾಡುವವರೆಗೆ ಫಕೀರಮ್ಮ ತನ್ನ ಹಾಸಿಗೆಯಿಂದ ಆ ಹಾಸಿಗೆಯನ್ನೇ ನೋಡುತ್ತ ಮಲಗಿದ್ದಳು. ಕೊನೆಗೆ ಎಲ್ಲರೂ ಬದುಕಿ ಮನೆಗೆ ಬಂದರು.

ಬಂದ ಮೇಲೆ ಫಕೀರಮ್ಮ ಒಬ್ಬಳೇ ಕಾಲುವೆಯ ದಂಡೆಗೆ ಹೋದಳು. ಅವಳು ಬಿಟ್ಟುಹೋದ ಕೆಲವು ಅಣಬೆಗಳು ಅರಳಿ, ಬಾಡಿ ನಿಂತಿದ್ದವು. ಒಂದನ್ನು ಕೋಲಿನಿಂದ ಉರುಳಿಸಿದಳು. ಕೊಡೆಯ ಕೆಳಗಿನ ಪದರುಗಳು ಒಣ ಹೆಸರುಕಾಳಿನ ಬಣ್ಣಕ್ಕೆ, ಮಾಸಲು ಹಸಿರಿಗೆ ತಿರುಗಿದ್ದವು. ಕಾಂಡದ ಕೊರಳಲ್ಲಿ ಬಳೆಯಂಥ ಒಂದು ಉಂಗುರ. ತವರಿನ ಅಣಬೆಗೆ ಇವೆರಡೂ ಇರಲಿಲ್ಲ. ಬುಡ ಕೆದರಿದಳು. ಬಾಲವಿಲ್ಲ, ಗಡ್ಡೆಯ ಹಾಗೆ ದಪ್ಪಗೆ ಹುಲ್ಲಿನ ಬೇರುಗಳ ನಡುವೆಯೇ ಮುಗಿದುಹೋಗಿತ್ತು. ಅಂದು ಕಿತ್ತಾಗ ಮೊಗ್ಗು, ಎಳೆಯವು, ಎಲ್ಲ ಬೆಳ್ಳಗೇ ಇದ್ದವು ನಿಜ. ಆದರೆ ಬಳೆ ಇದ್ದೇ ಇತ್ತಲ್ಲ, ಬಾಲ ಇರಲೇ ಇಲ್ಲವಲ್ಲ. ಕಣ್ಣಿಗೆ ಕಂಡದ್ದನ್ನು ಬಾಯಿ ಚಪಲ ಮುಚ್ಚಿಬಿಟ್ಟಿತ್ತು.

ಕ್ಯಾಂಪಿನಲ್ಲಿ ಅವಳನ್ನು ಯಾರೂ ನೇರವಾಗಿ ಅನ್ನಲಿಲ್ಲ. ಆದರೆ ನಾಟಿಯ ಹೊಲದಲ್ಲಿ ಮಧ್ಯಾಹ್ನ ಬುತ್ತಿ ಬಿಚ್ಚಿದಾಗ, ಒಬ್ಬರ ಪಲ್ಯ ಒಬ್ಬರು ಹಂಚಿಕೊಳ್ಳುವ ರೂಢಿಯಲ್ಲಿ, ಅವಳ ಡಬ್ಬಿಯ ಕಡೆ ಯಾರ ಕೈಯೂ ಬರುತ್ತಿರಲಿಲ್ಲ. ಬರೀ ಬೇಳೆಯ ಸಾರಿದ್ದರೂ ಅಷ್ಟೇ. ಗೌಸಬೀ ಮೊದಲಿನಂತೆ ಪಕ್ಕದಲ್ಲೇ ಕೂರುತ್ತಿದ್ದಳು, ಉಣ್ಣುತ್ತಿದ್ದುದು ತನ್ನ ಬುತ್ತಿಯನ್ನೇ.

ಒಂದು ದಿನ ಫಕೀರಮ್ಮ ತಡೆಯಲಾರದೆ ಕೇಳಿಬಿಟ್ಟಳು. "ಅಕ್ಕಾ, ನಿನಗ ಹೆದರಿಕಿ ಇತ್ತು ಅಂದಿದ್ದಿ. ಮತ್ಯಾಕ ತಿಂದಿ?"

ಗೌಸಬೀ ಕೈಯ ಕೆಸರನ್ನು ನೀರಿನಲ್ಲಿ ಅಲುಬಿಕೊಳ್ಳುತ್ತ ಹೇಳಿದಳು. "ನಿನ್ನ ಮಾರಿ ನೋಡಿ ತಿಂದೆ. ಅಷ್ಟು ಖುಷಿಲೆ ತಂದಿದ್ದಿ. ಅಣಬಿ ನೋಡಿ ಯಾರು ತಿಂತಾರವ್ವಾ? ಕೊಟ್ಟವರ ಮಾರಿ ನೋಡಿ ತಿಂತಾರ."

ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ಫಕೀರಮ್ಮನಿಗೆ ಅದು ಹೆಚ್ಚು ತಟ್ಟಿತು.

ಮುಂದಿನ ಮಿರಗಕ್ಕೆ ಅವಳು ತವರಿಗೆ ಹೋದಳು. ಕರಿಯವ್ವನಿಗೆ ಕಣ್ಣು ಮಂಜಾಗಿತ್ತು, ಆದರೂ ಬುಟ್ಟಿ ಹಿಡಿದು ಹೊರಟಳು. ಹುತ್ತದ ಬುಡದಲ್ಲಿ ಅಣಬೆಗಳು ಎದ್ದಿದ್ದವು. ಕಾಲುವೆಯ ದಂಡೆಯಲ್ಲಿ ಆದದ್ದನ್ನೆಲ್ಲ ಫಕೀರಮ್ಮ ತಾಯಿಗೆ ಹೇಳಿ, "ಯವ್ವಾ, ಇವು ತಿನ್ನೂ ಅಣಬಿ ಅಂತ ನಿನಗ ಹ್ಯಾಂಗ ಗೊತ್ತಾಗತೈತಿ? ನನಗ ಬಿಡಿಸಿ ಹೇಳು," ಎಂದಳು.

ಕರಿಯವ್ವ ಇಂಥ ಪ್ರಶ್ನೆಯನ್ನು ಎಂದೂ ಕೇಳಿಸಿಕೊಂಡವಳಲ್ಲ. ಕೈಯ ಕೋಲನ್ನು ಹುತ್ತದತ್ತ ಚಾಚಿದಳು.

"ಇದು ನಮ್ಮವ್ವ ತೋರಿಸಿದ ಹುತ್ತ. ಆ ಬನ್ನಿಗಿಡದ ಹುತ್ತ, ಈ ಹುತ್ತ, ಹಳ್ಳದ ದಂಡಿ ಹುತ್ತ. ಇವನ್ನ ಬಿಟ್ಟು ಬ್ಯಾರೆ ಕಡಿ ಒಂದರ ದಿನ ಕಿತ್ತಿಲ್ಲ ನಾನು. ಖರೇ ಹೇಳ್ಬೇಕಂದ್ರ ನನಗ ಅಣಬಿ ಗೊತ್ತಿಲ್ಲವಾ. ಈ ಹುತ್ತ ಗೊತ್ತು."

ಫಕೀರಮ್ಮನಿಗೆ ತನ್ನ ತಪ್ಪು ಎಲ್ಲಿ ಹುಟ್ಟಿತೆಂಬುದು ಆಗ ತಿಳಿಯಿತು. ತಾಯಿಯಿಂದ ಅವಳು ಕಲಿತದ್ದು ಒಂದು ಜಾಗವನ್ನು. ಆ ಜಾಗದ ಅರಿವನ್ನು ಅವಳು ಗಂಟು ಕಟ್ಟಿಕೊಂಡು ಬೇರೆ ಸೀಮೆಗೆ ಒಯ್ದಿದ್ದಳು, ಮತ್ತು ಅಲ್ಲಿ ಬಿಚ್ಚಿದ್ದಳು. ಆ ದಿನ ತಾಯಿ ಮಗಳು ಇಬ್ಬರೂ ಹೊಸಬರಂತೆ ಒಂದೊಂದೇ ಅಣಬೆಯನ್ನು ಬಾಲದ ಸಮೇತ ಬಿಡಿಸಿ, ತಿರುವಿ, ಮೂಸಿ, ಮುರಿದು ನೋಡಿದರು. ಕರಿಯವ್ವ ಬೆರಳಿನಿಂದ ಮೊನೆ ಮುಟ್ಟಿ ಹೇಳುವಳು, ಫಕೀರಮ್ಮ ಕಣ್ಣಿನಿಂದ ನೋಡಿ ಹೇಳುವಳು. ಅರಳಿ ಹಳತಾದದ್ದರ ಅಡಿಯ ಪದರು ಎಳೆ ಗುಲಾಬಿ ಬಣ್ಣಕ್ಕೆ ತಿರುಗುತ್ತದೆಂಬುದನ್ನು ಆ ವಯಸ್ಸಿನಲ್ಲಿ ಕರಿಯವ್ವನೂ ಮೊದಲ ಸಲ ಗಮನಿಸಿದಳು, ಮಗಳ ಬಾಯಿಂದ ಕೇಳಿ.

ಕ್ಯಾಂಪಿನಲ್ಲಿ ಅವಳು ಮುಂದೆಂದೂ ಅಣಬೆ ಕೀಳಲಿಲ್ಲ. ವಿಚಿತ್ರವೆಂದರೆ, ವರ್ಷಗಳು ಕಳೆದ ಹಾಗೆ ಅಣಬೆ ಸಿಕ್ಕವರೆಲ್ಲ ಅವಳ ಮನೆಗೇ ಬರತೊಡಗಿದರು. ಒಮ್ಮೆ ಸುಟ್ಟುಕೊಂಡವಳಿಗೆ ಬೆಂಕಿಯ ಗುರುತಿರುತ್ತದೆ ಎಂದು ಜನ ಅಂದುಕೊಂಡಿರಬೇಕು. ಬಂದವರಿಗೆ ನಿರಾಸೆಯೇ ಹೆಚ್ಚು. ಕೊಯ್ದು ತಂದರೆ, "ಬುಡ ಎಲ್ಲಿ?" ಎಂದು ಕೇಳುವಳು. ಬುಡವಿದ್ದರೆ, "ಎಲ್ಲಿ ಎದ್ದಿದ್ವು, ಬರ್ರಿ, ತೋರಸ್ರಿ," ಎಂದು ಎದ್ದು ನಡೆಯುವಳು. ಬುಟ್ಟಿಯಲ್ಲಿ ಒಂದೇ ಒಂದು ಅನುಮಾನದ್ದು ಕಂಡರೂ ಇಡೀ ಬುಟ್ಟಿ ಬೇಡ. ತನಗೆ ಸಂಶಯವೇ ಇಲ್ಲದ ಹುತ್ತದ ಅಣಬೆಯನ್ನು ಯಾರಾದರೂ ಒಣಸೀಮೆಯಿಂದ ಬಾಲದ ಸಮೇತ ತಂದಾಗ ಮಾತ್ರ ಹೂಂ ಅನ್ನುವಳು, ಅದರಲ್ಲೂ ಚೆನ್ನಾಗಿ ಬೇಯಿಸಿ, ಮೊದಲ ಸಲ ತಿನ್ನುವವರು ಸ್ವಲ್ಪವೇ ತಿಂದು, ಒಂದೆರಡನ್ನು ಹಸಿಯಾಗಿಯೇ ತೆಗೆದಿಡಬೇಕೆಂದು ಹೇಳುವಳು. "ತೆಗೆದಿಡೂದು ಯಾಕ?" ಎಂದರೆ, "ಡಾಕ್ಟರಿಗೆ ತೋರಸಾಕ," ಎನ್ನುವಳು. ಇದನ್ನು ಕೇಳಿದ ಮೇಲೆ ಅರ್ಧಕ್ಕರ್ಧ ಜನಕ್ಕೆ ತಿನ್ನುವ ಆಸೆಯೇ ಹೋಗುತ್ತಿತ್ತು.

ಎರಡು ವರ್ಷಗಳ ಹಿಂದಿನ ಮಾತು. ಯಲಬುರ್ಗಾ ಕಡೆಯಿಂದ ನಾಟಿಗೆ ಬಂದ ಒಂದು ಗ್ಯಾಂಗು ಕ್ಯಾಂಪಿನ ಶಾಲೆಯ ಹಿಂದೆ ಗುಡಿಸಲು ಹಾಕಿಕೊಂಡಿತ್ತು. ನಾಟಿ ಮುಗಿದಿತ್ತು, ಮರುದಿನ ಊರಿಗೆ ಹೊರಡುವವರು. ಅವರ ಮೇಸ್ತ್ರಿ ಹನುಮೇಶ ಹುರುಪಿನ ಆಳು. ತನ್ನ ಗ್ಯಾಂಗಿನ ಹೆಂಗಸರನ್ನು ಅಕ್ಕ ತಂಗಿಯರ ಹಾಗೆ ನೋಡಿಕೊಳ್ಳುತ್ತಿದ್ದ. ಕೊನೆಯ ದಿನದ ಊಟ ಚೆನ್ನಾಗಿರಲೆಂದು ಬೆಳಗ್ಗೆ ಸುತ್ತಾಡಿ ಒಂದು ಬುಟ್ಟಿ ತುಂಬ ಅಣಬೆ ತಂದಿದ್ದ. ಹೆಂಗಸರು ಮಸಾಲೆ ಅರೆಯಲು ಕೂತಾಗಿತ್ತು. ಅವರಲ್ಲೊಬ್ಬಳು, "ಆ ಫಕೀರಮ್ಮಗ ಒಂದ್ಸಲ ತೋರಸೂಣು," ಎಂದದ್ದಕ್ಕೆ ಬುಟ್ಟಿ ಅವಳ ಅಂಗಳಕ್ಕೆ ಬಂತು, ಅರೆಯುವುದನ್ನು ಬಿಟ್ಟು ಹೆಂಗಸರೂ ಜೊತೆಗೆ ಬಂದರು.

ಫಕೀರಮ್ಮ ಬುಟ್ಟಿಯ ಮುಂದೆ ಕೂತಳು. ಬೂದು ಬಣ್ಣದವು ಹೆಚ್ಚು, ನಡುನಡುವೆ ಬಿಳಿಯವು. ಎಲ್ಲವನ್ನೂ ಕುಡುಗೋಲಿನಿಂದ ಕೊಯ್ದಿತ್ತು. ಒಂದೆರಡರ ಬುಡದಲ್ಲಿ ಮಾತ್ರ ಮೊಟ್ಟೆಯ ಸಿಪ್ಪೆಯಂಥ ಚೀಲ ಉಳಿದುಕೊಂಡಿತ್ತು. ಕೊಳೆತ ಭತ್ತದ ಹುಲ್ಲಿನ ಮೇಲೆ ಏಳುವ ಅಣಬೆಗೆ ಅಂಥ ಚೀಲವಿರುತ್ತದೆ, ಕ್ಯಾಂಪಿನ ತೆಲುಗಿನವರು ಅದನ್ನು ತಿನ್ನುತ್ತಾರೆ ಎಂದು ಅವಳಿಗೆ ಗೊತ್ತಿತ್ತು. ಬುಡದಲ್ಲಿ ಚೀಲವಿರುವ ಅಣಬೆಗಳಲ್ಲೇ ಲಿವರ್ ಸುಡುವವೂ ಇರುತ್ತವೆ ಎಂದು, ಸುಕನ್ಯಾಳ ಜ್ವರಕ್ಕೆಂದು ಮತ್ತೊಮ್ಮೆ ಆಸ್ಪತ್ರೆಗೆ ಹೋದಾಗ ಅದೇ ವೈದ್ಯೆಯನ್ನು ಕೇಳಿ ತಿಳಿದುಕೊಂಡಿದ್ದಳು.

"ಇವು ಎಲ್ಲಿ ಸಿಕ್ವು?"

"ಹುಲ್ಲಿನ ಬಣವಿ ಕಡೆ ಕೆಲವು," ಎಂದ ಹನುಮೇಶ. "ಮತ್ತ ಆ ಬದುವಿನ ಗಿಡದ ಬುಡಕ ಕೆಲವು."

"ಯಾವು ಬಣವೀವು, ಯಾವು ಗಿಡದ ಬುಡದಾವು?"

ಹನುಮೇಶ ಬುಟ್ಟಿ ನೋಡಿದ. "ಎಲ್ಲಾ ಕೂಡ್ಯಾವು ಈಗ. ಯಾಕ?"

"ಹಂಗಾದ್ರ ಬ್ಯಾಡ."

"ಬ್ಯಾಡ ಅಂದ್ರ? ವಿಷ ಅದಾವೇನು?"

"ಗೊತ್ತಿಲ್ಲ."

"ಗೊತ್ತಿಲ್ಲ ಅಂದಮ್ಯಾಲ ಬ್ಯಾಡ ಹ್ಯಾಂಗ ಅಂತಿ?" ಅವನ ದನಿ ಏರಿತು. "ನಮ್ಮೂರಾಗ ಹುಟ್ಟಿದಾಗಿಂದ ಅಣಬಿ ತಿಂದೇವಿ ನಾವು. ಬೆಳಿಗ್ಗಿಂದ ತಿರುಗಿ ತಂದೀನಿ. ಈ ಹೆಣ್ಮಕ್ಕಳು ಹದಿನೈದು ದಿನದಿಂದ ಬರೇ ಅನ್ನ ಸಾರು ಉಂಡಾರ."

"ನಾನೂ ನಮ್ಮೂರಾಗ ಹುಟ್ಟಿದಾಗಿಂದ ತಿಂದಿದ್ದೆ ತಮ್ಮಾ," ಎಂದಳು ಫಕೀರಮ್ಮ. "ಬುಟ್ಟಿ ನಿಂದು. ಕಸಗೊಳ್ಳಾಕ ನಾನ್ಯಾರು? ಆದ್ರ ಇದನ್ನ ನಾ ತಿನ್ನಂಗಿಲ್ಲ, ನನ್ನ ಮಗಳಿಗೆ ಕೊಡಂಗಿಲ್ಲ. ನಿಮಗ ಹೂಂ ಅನ್ನಾಕ ನನಗ ಬಾಯಿ ಬರವಲ್ದು."

ಗಲಾಟೆ ಕೇಳಿ ಬಾಗಿಲಿಗೆ ಬಂದಿದ್ದ ಗೌಸಬೀ, ಈಗ ಕೋಲು ಹಿಡಿಯುವ ಮುದುಕಿ, ಮೆಟ್ಟಿಲ ಮೇಲೆ ಕೂತು ತನ್ನ ಕಥೆಯನ್ನು ಹೇಳಿದಳು. ಬಚ್ಚಲಕಲ್ಲು, ಟೆಂಪೋ, ಕೈಗೆ ಸೂಜಿ ಚುಚ್ಚಲು ನರವೇ ಸಿಗದಿದ್ದುದು. ಪಲ್ಯ ಕೊಟ್ಟವರು ಯಾರೆಂದು ಮಾತ್ರ ಅವಳು ಹೇಳಲಿಲ್ಲ. ಫಕೀರಮ್ಮ ತಾನೇ ಹೇಳಿದಳು. "ಕೊಟ್ಟಾಕಿ ನಾನ."

ಗ್ಯಾಂಗಿನ ಹೆಂಗಸೊಬ್ಬಳು ಮುಂದೆ ಬಂದು, ಹನುಮೇಶನ ಮುಖವನ್ನೂ ನೋಡದೆ ಬುಟ್ಟಿ ಎತ್ತಿಕೊಂಡು ಹೋಗಿ ದೂರದಲ್ಲಿ ಗುಂಡಿ ತೋಡಿ ಹೂತು ಬಂದಳು. ಹನುಮೇಶ ತಡೆಯಲಿಲ್ಲ. ತಲೆಗೆ ಸುತ್ತಿದ ಟವೆಲ್ಲು ಬಿಚ್ಚಿ ಕೊಡವಿ, ಕಾಲುವೆಯ ಕಡೆ ನಡೆದುಬಿಟ್ಟ. ಫಕೀರಮ್ಮ ಹಿತ್ತಲಿನ ಪುಂಡಿಸೊಪ್ಪನ್ನೆಲ್ಲ ಸವರಿ ತಂದು, ಅವರದೇ ಮಸಾಲೆಯಲ್ಲಿ ದೊಡ್ಡ ಪಾತ್ರೆಯ ತುಂಬ ಪಲ್ಯ ಮಾಡಿದಳು. ಹೆಂಗಸರು ಉಂಡರು, ಹಾಡು ಹೇಳಿ ನಕ್ಕರು. ಹನುಮೇಶ ಬಂದು ಅನ್ನ ಮೊಸರು ಉಂಡ, ಪುಂಡಿಪಲ್ಯ ಮುಟ್ಟಲಿಲ್ಲ. ಮರುದಿನ ಲಾರಿ ಹತ್ತುವಾಗಲೂ ಅವಳ ಕಡೆ ತಿರುಗಿ ನೋಡಲಿಲ್ಲ.

ಲಾರಿ ಹೋದ ಮೇಲೆ ದ್ಯಾವಪ್ಪ ಕೇಳಿದ. "ಖರೇನ ಹೇಳು, ಅವು ಛಲೋ ಅಣಬಿ ಇದ್ವೇನು?"

"ಇದ್ದಿರಬೇಕು. ಬೂದು ಬಣ್ಣದಾವು ಭಾಳಷ್ಟು ಹುಲ್ಲಿನಾವ ಇದ್ದಂಗಿದ್ವು."

"ಮತ್ತ ಪಾಪ, ಅವನ ಮನಸ್ಸು ಮುರದಿ."

"ಹೂಂ, ಮುರದೆ," ಎಂದಳು ಫಕೀರಮ್ಮ. ಹೂತುಹೋದ ಬುಟ್ಟಿಯಲ್ಲಿ ಏನಿತ್ತೆಂದು ಇನ್ನು ಯಾರಿಗೂ ತಿಳಿಯುವ ಹಾಗಿರಲಿಲ್ಲ. ತಾನು ಕೆಲವರ ಜೀವ ಉಳಿಸಿದೆನೋ, ದಣಿದವರ ಒಂದು ಒಳ್ಳೆಯ ಊಟ ಕೆಡಿಸಿದೆನೋ ಎಂಬ ಹೊಯ್ದಾಟ ಹಲವು ದಿನ ಅವಳನ್ನು ಬಿಡಲಿಲ್ಲ. ಮಾಡಿದ್ದು ಸರಿಯಿತ್ತು ಎಂದು ಯಾರಾದರೂ ಹೇಳಿದ್ದರೆ ಚೆನ್ನಾಗಿತ್ತು. ಹೇಳುವವರು ಯಾರೂ ಇರಲಿಲ್ಲ. ಬೇಡ ಎಂದವರಿಗೆ ಸಾಕ್ಷಿ ಸಿಗುವುದಿಲ್ಲ ಎಂಬುದನ್ನು ಅವಳು ನಿಧಾನವಾಗಿ ಒಪ್ಪಿಕೊಂಡಳು.

ಸುಕನ್ಯಾಳನ್ನು ಈಗ ಕನಕಗಿರಿಗೆ ಕೊಟ್ಟಿದೆ. ಹೋದ ಆಷಾಢದಲ್ಲಿ ಅವಳು ಫೋನಿನಲ್ಲಿ ಒಂದು ಫೋಟೋ ಕಳಿಸಿದಳು. ಗುಡ್ಡದ ಬುಡದಲ್ಲಿ ಒಂದು ಹುತ್ತ, ಸುತ್ತ ಬಿಳಿ ಚುಕ್ಕೆಗಳು. "ಯವ್ವಾ, ಇವು ನಿಮ್ಮೂರಿನಾವ ಅಲ್ಲೇನು? ಕೀಳಲೇನು?"

"ಫೋಟೋದಾಗ ಬುಡ ಕಾಣಂಗಿಲ್ಲ, ವಾಸನಿ ಬರಂಗಿಲ್ಲ. ಮುಟ್ಟಬ್ಯಾಡ. ನಾನ ಬರ್ತೀನಿ."

ಬಸ್ಸು ಬದಲಿಸಿ ಫಕೀರಮ್ಮ ಹೋಗುವಷ್ಟರಲ್ಲಿ ಮತ್ತೊಂದು ಮಳೆ ಬಿದ್ದಿತ್ತು, ಕುರಿಹಿಂಡೊಂದು ಆ ದಾರಿಯಲ್ಲಿ ಹಾದುಹೋಗಿತ್ತು. ಹುತ್ತದ ಸುತ್ತ ಬರೀ ಗೊರಸಿನ ಗುರುತು, ಜಜ್ಜಿದ ಬಿಳಿ ಚೂರು. ಅವಳು ಕೋಲಿನಿಂದ ಅಲ್ಲಲ್ಲಿ ಕೆದರಿ ನೋಡಿದಳು. ಒಂದು ಕಡೆ ತೆಳ್ಳನೆಯ ಬಾಲದ ತುಂಡೊಂದು ಸಿಕ್ಕಿತು. ಅದನ್ನು ಮಗಳ ಅಂಗೈಯಲ್ಲಿಟ್ಟು, ಎಲ್ಲಿಂದ ಎಲ್ಲಿಗೆ ಹೋಗುತ್ತದೆ, ಮೇಲೆ ಏನಿರಬೇಕು, ಏನಿರಬಾರದು ಎಂದು ಬಿಡಿಸಿ ಹೇಳಿದಳು. ಹೇಳಿ ಮುಗಿಸಿ, "ಇಷ್ಟು ಕೇಳೀದಿ ಅಂತ ನೀನೊಬ್ಬಾಕೀನ ಕೀಳಬ್ಯಾಡ ಮತ್ತ. ಮುಂದಿನ ಮಳಿಗೆ ಬರ್ತೀನಿ, ಕೂಡಿ ನೋಡೂಣು," ಎಂದಳು.

ಬುಟ್ಟಿ ಖಾಲಿಯಿತ್ತು. ಅಂದು ಸಂತೆಯ ದಿನ. ತಾಯಿ ಮಗಳು ಸಂತೆಗೆ ಹೋಗಿ, ಎಳೆಯ ಬದನೆಕಾಯಿ ನೋಡಿ ನೋಡಿ ಆರಿಸಿ ತುಂಬಿಕೊಂಡು ಮನೆಗೆ ಹೋದರು.